ತೊಗರಿ ಧಂದೆದಾಗ ಸರ್ಕಾರಕ್ಕ ಏನ್ ಕೆಲಸ?

ಆಳಂದ_ಹೊಲ:
ನಮ್ಮೂರಾಗ ರಾಶಿ ಮುಗೀತು. 2025ರ ಸುಗ್ಗಿದಾಗ ಕಲಬುರಗಿ ನೆಹರು ಗಂಜ್ ಮಾರ್ಕೆಟ್‌ನಾಗ ತೊಗರಿ ಬೆಂಬಲ ಬೆಲೆಗಿಂತ ಕೆಳಗ ಇತ್ತು. 2024-25ಕ್ಕ ಕ್ವಿಂಟಲ್‌ಗೆ ಕೇಂದ್ರದ್ದು 7,550, ರಾಜ್ಯದ್ದು 450 ಸೇರಿ 8,000 ಅಂತ ಪೇಪರ್‌ನಾಗ ಓದಿದ್ವಿ. ಖರೀದಿ ಕೇಂದ್ರಕ್ಕ ಹೋದ್ರ ಎಕರೆಗೆ ಇಷ್ಟೇ, ಒಬ್ಬರಿಗೆ ಇಷ್ಟೇ ಅಂತಾರ. ಉಳಿದದ್ದು ಗಂಜ್‌ಗೇ ಒಯ್ಯಬೇಕು.

ನನ್ನ ಪ್ರಶ್ನಿ ಬ್ಯಾರೆ ಅದ. 2023ರಾಗ ರೇಟ್ ಏರ್ಲಕತ್ತಿತ್ತು. ಜೂನ್‌ದಾಗ ದಿಲ್ಲಿಯಿಂದ ದಾಸ್ತಾನು ಮಿತಿ ಬಂತು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಅದೇ ವರ್ಷ ಡಿಸೆಂಬರ್‌ದಾಗ ಹಳದಿ ಬಟಾಣಿಗೆ ಸುಂಕ ತೆಗೆದ್ರು. ತೊಗರಿ ಆಮದು 2021ರ ಮೇದಿಂದ್ಲೇ ಮುಕ್ತ, 2025ರಾಗ ಅದನ್ನ 2026ರ ಮಾರ್ಚ್ ತನಕ ಎಳದ್ರು. ರೇಟ್ ಏರಿದ್ರ ಸರ್ಕಾರ ಓಡಿ ಬರ್ತದ. ಬಿದ್ದಾಗ "ಮಾರುಕಟ್ಟೆ ನೋಡ್ರಪಾ, ನಾವೇನ್ ಮಾಡೋಣು" ಅಂತದ.

ಬೆಂಬಲ ಬೆಲೆ ಬ್ಯಾಡ, ದಾಸ್ತಾನು ಮಿತಿ ಬ್ಯಾಡ, ಆಮದು-ರಫ್ತಿನ ಆಟನೂ ಬ್ಯಾಡ, ಪೂರಾ ಕೈ ತೆಗೀಲಿ ಅಂದ್ರ ನಮಗ ಲಾಭನೋ ಲುಕ್ಸಾನೋ? ಪಾರ್ಟಿ ಜಗಳ ತರಬ್ಯಾಡ್ರಿ.

ಗಂಜ್_ಬಾಜು:
ಲುಕ್ಸಾನ. ಚರ್ಚೆ ಮುಗೀತು, ಚಹಾ ಕುಡೀರಿ.

ಮುಕ್ತ_ಪೇಟೆ:
ಚಹಾ ಆಮೇಲೆ. ಇವರು ಕೇಳಿದ್ದು ಇನ್ನೂರೈವತ್ತು ವರ್ಷದಿಂದ ನಡೆದಿರೋ ಜಗಳ. 1776ರಲ್ಲೇ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಸರ್ಕಾರಕ್ಕೆ ಮೂರು ಕೆಲಸ ಅಂತ ಬರೆದ: ದೇಶ ಕಾಯೋದು, ನ್ಯಾಯ ಕೊಡೋದು, ಖಾಸಗಿಯವರಿಗೆ ಗಿಟ್ಟದ ರಸ್ತೆ-ಸೇತುವೆ-ಶಾಲೆಯಂಥ ಸಾರ್ವಜನಿಕ ಕೆಲಸ ಮಾಡೋದು. ಧಾನ್ಯ ದಾಸ್ತಾನು ಮಾಡೋ ವ್ಯಾಪಾರಿ ಬಗ್ಗೆ ಜನಕ್ಕಿದ್ದ ಭಯವನ್ನ ಮಾಟ-ಮಂತ್ರದ ಭಯಕ್ಕೆ ಹೋಲಿಸಿದ್ದ. ಯಾಕಂದ್ರೆ ಸುಗ್ಗಿಯಲ್ಲಿ ಕೊಂಡು ಇಟ್ಟುಕೊಳ್ಳುವವನು ಇಲ್ಲದಿದ್ದರೆ ಸುಗ್ಗಿಯಲ್ಲಿ ಬೆಲೆ ನೆಲ ಕಚ್ಚುತ್ತೆ, ಆಷಾಢದಲ್ಲಿ ಬೇಳೆ ಸಿಗಲ್ಲ.

ಈಗ ದಾಸ್ತಾನು ಮಿತಿ ಏನು ಮಾಡುತ್ತೆ ನೋಡಿ. ಜನವರಿಯಲ್ಲಿ ಕಲಬುರಗಿಯ ದಾಲ್ ಮಿಲ್‌ನವನು ವರ್ಷಕ್ಕೆ ಬೇಕಾದಷ್ಟು ತೊಗರಿ ಕೊಂಡಿಡಬೇಕು. ಆದರೆ ನಾಳೆ ಯಾವ ಆದೇಶ ಬರುತ್ತೋ ಅಂತ ಹೆದರಿ ಅರ್ಧವೇ ಕೊಳ್ಳುತ್ತಾನೆ. ಆ ಅರ್ಧದ ಹೊಡೆತ ಬೀಳೋದು ಆಳಂದದವರ ಚೀಲಕ್ಕೆ, ಮಿಲ್‌ನವನಿಗಲ್ಲ.

ಮಾಸ್ತರ್_ಸೇಡಂ:
ಸ್ಮಿತ್‌ನ ಹೆಸರು ತೆಗೆದವರು ಅವನನ್ನ ಪೂರ್ತಿ ಓದಬೇಕು. ಒಂದೇ ವ್ಯಾಪಾರದವರು ಸೇರಿದರೆ ಮಾತು ಕೊನೆಗೆ ಜನರ ವಿರುದ್ಧದ ಸಂಚಿಗೆ ಬಂದು ನಿಲ್ಲುತ್ತೆ ಅಂದವನೂ ಅವನೇ. ಬಡ್ಡಿಗೆ ಮಿತಿ ಇರಲಿ ಅಂದ, ಬ್ಯಾಂಕುಗಳು ಸಣ್ಣ ನೋಟು ಹೊರಡಿಸೋದನ್ನ ತಡೀಬೇಕು ಅಂದ. ನಿಮ್ಮ ಮುಕ್ತ ಪೇಟೆಯ ಮೂಲಪುರುಷ ನಿಮ್ಮಷ್ಟು ಮುಕ್ತ ಇರಲಿಲ್ಲ.

ಮುಕ್ತ_ಪೇಟೆ:
ಸಂಚು ಅಂದವನು ಅದಕ್ಕೆ ಪರಿಹಾರವಾಗಿ ಇನ್ನೊಂದು ಇಲಾಖೆ ತೆರೀರಿ ಅನ್ನಲಿಲ್ಲ ಮಾಸ್ತರ್. ಕಾನೂನೇ ಅವರನ್ನ ಒಂದು ಕಡೆ ಸೇರಿಸೋ ಕೆಲಸ ಮಾಡಬಾರದು ಅಂದ. ನಮ್ಮ ಎಪಿಎಂಸಿ ಕಾಯ್ದೆ ಮಾಡಿದ್ದು ಅದನ್ನೇ: ಲೈಸನ್ಸ್ ಇದ್ದವರನ್ನ ಒಂದು ಕಾಂಪೌಂಡಿನಲ್ಲಿ ಕೂರಿಸಿ, ರೈತ ಅಲ್ಲಿಗೇ ಬರಬೇಕು ಅಂತ ವರ್ಷಾನುಗಟ್ಟಲೆ ಕಟ್ಟಿಹಾಕಿತು.

ಜೇವರ್ಗಿ_ಎರೆಭೂಮಿ:
ಗಂಜ್‌ನಾಗ ನಡಿಯೋದು ನಾ ಹೇಳ್ತೀನಿ ಕೇಳ್ರಿ, ಬುಕ್ ಬ್ಯಾಡ. ಚೀಲ ಇಳಿಸ್ತೀವಿ, ಹಮಾಲಿ. ಸೂಜಿ ಚುಚ್ಚಿ ಸ್ಯಾಂಪಲ್ ತೆಗೀತಾರ, ಆ ಮುಷ್ಟಿ ಕಾಳು ವಾಪಸ್ ಬರಂಗಿಲ್ಲ. ಆಮೇಲೆ ಕಸ, ತ್ಯಾವ ಅಂತ ಕ್ವಿಂಟಲ್‌ಗೆ ಇಷ್ಟು ಕೆಜಿ "ಸೂಟ್" ಮುರೀತಾರ. ಸೂಟ್ ಮುರಿಯೋದು ಕಾನೂನಿಗೆ ವಿರುದ್ಧ ಅಂತ ಬೋರ್ಡ್ ಹಚ್ಚ್ಯಾರ. ಬೋರ್ಡ್ ಕೆಳಗೇ ಮುರೀತಾರ. ರೈತನಿಂದ ಕಮಿಷನ್ ತಗೊಳ್ಳಂಗಿಲ್ಲ, ಆದ್ರೂ ಪಟ್ಟಿದಾಗ ಬ್ಯಾರೆ ಹೆಸರಿನ್ಯಾಗ ಕಾಣ್ತದ.

ನೀವ್ ಹೇಳ್ರಿ, ಇಲ್ಲಿ ಸರ್ಕಾರ ಜಾಸ್ತಿ ಆಗ್ಯಾದೋ ಕಮ್ಮಿ ಆಗ್ಯಾದೋ?

ಮುಕ್ತ_ಪೇಟೆ:
ಬೇಡದ ಕಡೆ ಜಾಸ್ತಿ, ಬೇಕಾದ ಕಡೆ ಕಮ್ಮಿ. ತೂಕದಲ್ಲಿ ಮೋಸ ಮಾಡಿದವನನ್ನ ಹಿಡಿಯೋದು ಸ್ಮಿತ್‌ನ ಎರಡನೇ ಕೆಲಸ, ನ್ಯಾಯ. ಅದೊಂದೇ ಆಗ್ತಿಲ್ಲ.

ಬೀದರ್_ಕರೇಜ್:
ಜೇವರ್ಗಿಯವರ ಮಾತು ಲಾಖ್ ರುಪಾಯಿದ್ದು. ಆದ್ರ ಆನ್‌ಲೈನ್ ಟೆಂಡರ್ ಬಂದ ಮ್ಯಾಲ ಸ್ವಲ್ಪ ಸುಧಾರಿಸ್ಯಾದ ಅಲ್ಲೇನ್ರಿ? 2014ರಾಗ ರಾಜ್ಯ ಸರ್ಕಾರ ಒಂದು ಎಕ್ಸ್‌ಚೇಂಜ್ ಕಂಪನಿ ಜೊತಿ ಪಾಲುದಾರಿಕಿ ಮಾಡಿ ರೆಮ್ಸ್ ಅಂಬೋ ಆನ್‌ಲೈನ್ ಮಾರಾಟದ ಕಂಪನಿ ಸುರು ಮಾಡ್ತು. ಮೊದ್ಲು ಟವೆಲ್ ಕೆಳಗ ಬೆರಳು ಹಿಡದು ರೇಟ್ ಮಾಡ್ತಿದ್ರು. ಈಗ ಲಾಟ್ ನಂಬರ್ ಮ್ಯಾಲ ಬಿಡ್ ಬೀಳ್ತದ, ಮೊಬೈಲ್‌ಗೆ ಮೆಸೇಜ್ ಬರ್ತದ.

ಗಂಜ್_ಬಾಜು:
ಬಿಡ್ ಹಾಕೋರು ಅವರೇ ನಾಕು ಮಂದಿ. ಟವೆಲ್ ಹೋಗ್ಯಾದ, ಬೆರಳು ಅಲ್ಲೇ ಅವ.

ಸುರಪುರ_ನಾಲೆ:
😂😂

ಆಳಂದ_ಹೊಲ:
ಗಂಜ್ ಹೊರಗ ಮಾರೋಣು ಅಂದ್ರ 2020ರಾಗ ಕಾಯ್ದೆ ತಿದ್ದಿದ್ರು, ಮುಂದಿನ ಸರ್ಕಾರ ಬಂದು ಅದನ್ನ ವಾಪಸ್ ತಗೊಳ್ಳೋ ಮಸೂದಿ ತಂತು. ಆ ನಡುವ ನಮ್ಮೂರಿಗಿ ಒಬ್ಬ ಕಂಪನಿಯವನೂ ಲಾರಿ ತಂದು ನಿಂದರಲಿಲ್ಲ. ಅಡತಿ ಅಂಗಡಿಯವರೇ ಊರಿಗಿ ಬಂದು ಕೊಂಡ್ರು.

ಮುಕ್ತ_ಪೇಟೆ:
ಮುಂದಿನ ವರ್ಷ ಕಾಯ್ದೆ ಇರುತ್ತೋ ಇಲ್ಲವೋ ಗೊತ್ತಿಲ್ಲದ ಕಡೆ ಯಾವನು ಗೋಡೌನ್ ಕಟ್ಟುತ್ತಾನೆ? ಕೇಂದ್ರದ್ದೂ ಅದೇ ಕಥೆ. ಅಗತ್ಯ ವಸ್ತುಗಳ ಕಾಯ್ದೆ 1955ರದ್ದು. 2020ರಲ್ಲಿ ಅದನ್ನ ತಿದ್ದಿ, ಬೇಳೆಯಂಥ ಬೇಗ ಕೆಡದ ಸರಕಿಗೆ ಬೆಲೆ ಶೇ. 50 ಏರಿದರೆ ಮಾತ್ರ ದಾಸ್ತಾನು ಮಿತಿ ಹಾಕಬಹುದು ಅಂತ ಮಾಡಿದರು. 2021ರ ಕೊನೆಗೆ ಅದೂ ಸೇರಿ ಮೂರೂ ಕೃಷಿ ಕಾನೂನು ವಾಪಸ್. ಕೆಟ್ಟ ನಿಯಮ ಇದ್ದರೂ ವ್ಯಾಪಾರ ನಡೆಯುತ್ತೆ, ದಿನಕ್ಕೊಂದು ನಿಯಮ ಬಂದರೆ ನಡೆಯಲ್ಲ.

ಹಸಿರು_ಶಾಲು:
ಆ ಮೂರು ಕಾನೂನಿನ ವಕಾಲತ್ತು ಇಲ್ಲಿ ಬೇಡ. ದಿಲ್ಲಿ ಗಡಿಯಲ್ಲಿ ರೈತರು ಚಳಿಯಲ್ಲಿ ವರ್ಷ ಕೂತದ್ದು ಸುಮ್ಮನೆ ಅಲ್ಲ. ಮುಕ್ತ ಪೇಟೆ ಅನ್ನೋರು ಯಾರೂ ತ್ಯಾವದ ತೊಗರಿ ತಲೆ ಮೇಲೆ ಹೊತ್ತವರಲ್ಲ. ರೈತ ಸಂಘದ ಪ್ರೊ. ನಂಜುಂಡಸ್ವಾಮಿ ಇದನ್ನೇ ಮೂವತ್ತು ವರ್ಷದ ಹಿಂದೆ ಹೇಳಿದ್ರು: ಡಂಕೆಲ್, ಅಂದ್ರೆ ಆಗಿನ ವಿಶ್ವ ವ್ಯಾಪಾರ ಒಪ್ಪಂದದ ಕರಡು, ಬಂದ್ರೆ ರೈತ ಹೋಗ್ತಾನೆ.

ಬೀದರ್_ಕರೇಜ್:
ಅದೇ ಹೊತ್ತಿಗೆ ನಮ್ಮ ಗಡಿ ಆಚೆ ಶರದ್ ಜೋಶಿ ಡಂಕೆಲ್ ಪರ ನಿಂತಿದ್ರು ಮಾರಾಯ್ರೆ. ಅವರೂ ರೈತ ನಾಯಕರೇ. 1981ರ ನಿಪ್ಪಾಣಿ ತಂಬಾಕು ಚಳವಳಿ ಅವರದೇ, ಗೋಲಿಬಾರ್ ಆಗಿ ಮಂದಿ ಸತ್ರು. ಸರ್ಕಾರ ರೈತಗ ಕೊಡೋದಕ್ಕಿಂತ ಕಸಗೊಳ್ಳೋದೇ ಹೆಚ್ಚು ಅಂಬೋದು ಅವರ ಲೆಕ್ಕ. ನಮ್ಮ ಮನ್ಯಾಗ ಮಾವ ಜೋಶಿ ಕಡಿ, ಕಾಕಾ ಹಸಿರು ಶಾಲು. ಹಬ್ಬದ ಊಟಕ್ಕ ಇಬ್ಬರನ್ನ ಬ್ಯಾರೆ ಬ್ಯಾರೆ ಪಂಕ್ತಿದಾಗ ಕೂಡಿಸ್ತಿದ್ವಿ.

ಮಾಸ್ತರ್_ಸೇಡಂ:
ಜೋಶಿಯವರ ಆ ಲೆಕ್ಕಕ್ಕೆ ಆಧಾರ ಇದೆ ಅನ್ನೋದನ್ನ ನಾನೂ ಒಪ್ತೀನಿ. ಶ್ರೀಮಂತ ದೇಶಗಳ ಕೂಟ ಒಇಸಿಡಿ ಮತ್ತು ದಿಲ್ಲಿಯ ಸಂಶೋಧನಾ ಸಂಸ್ಥೆ ಇಕ್ರಿಯರ್ 2018ರಲ್ಲಿ ತಂದ ವರದಿ ಪ್ರಕಾರ 2000ದಿಂದ 2016ರವರೆಗೆ ಭಾರತದ ರೈತನಿಗೆ ಸಿಕ್ಕ ಒಟ್ಟು ಬೆಂಬಲ ಅವನ ಒಟ್ಟು ಕೃಷಿ ಆದಾಯದ ಸರಾಸರಿ ಮೈನಸ್ 14 ಶೇಕಡಾ. ಗೊಬ್ಬರ, ಕರೆಂಟ್ ಸಬ್ಸಿಡಿ ಎಲ್ಲ ಹಿಡಿದ ಮೇಲೂ. ರಫ್ತು ನಿಷೇಧ, ದಾಸ್ತಾನು ಮಿತಿಯಂಥ ಕ್ರಮಗಳಿಂದ ಬೆಲೆ ಕೆಳಗೆ ಒತ್ತಿದ್ದು ಆ ಸಬ್ಸಿಡಿಗಿಂತ ದೊಡ್ಡದು.

ತೊಗರಿಯಲ್ಲೇ ನೋಡಿ. 2006ರಿಂದ 2017ರ ಸೆಪ್ಟೆಂಬರ್‌ವರೆಗೆ ತೊಗರಿ ರಫ್ತು ಬಂದ್. ಆ ನಡುವೆ 2016-17ರಲ್ಲಿ ಬಂಪರ್ ಬೆಳೆ ಬಂತು. ಬೋನಸ್ ಸೇರಿ ಬೆಂಬಲ ಬೆಲೆ 5,050, ಗಂಜ್‌ನಲ್ಲಿ ಅದಕ್ಕಿಂತ ಕಮ್ಮಿ. 2016ರ ಜುಲೈಯಲ್ಲಷ್ಟೇ ಮೊಜಾಂಬಿಕ್ ಜೊತೆ ಆಮದು ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಹೊರಗೆ ಕಳಿಸೋ ಬಾಗಿಲು ಮುಚ್ಚಿ, ಒಳಗೆ ಬರೋ ಬಾಗಿಲು ತೆರೆದಿಟ್ಟಿದ್ದರು.

ಚಿಂಚೋಳಿ_ಕಾಡು:
ಆ ವರ್ಷ ಖರೀದಿ ಕೇಂದ್ರದ ಮುಂದ ಟ್ರ್ಯಾಕ್ಟರ್ ಸಾಲು ನೆನಪದ. ರಾತ್ರಿ ಚೀಲದ ಮ್ಯಾಲೇ ಮಲಗೋದು. ಗೋಣಿಚೀಲ ಖಾಲಿ ಆಗ್ಯಾವ ಅಂತ ತೂಕ ನಿಲ್ಲಿಸ್ತಿದ್ರು.

ಶಹರದ_ಹೆಣ್ಮಗಳು:
ಎಲ್ಲರೂ ರೈತನ ಕಡಿಂದ ಮಾತಾಡ್ಲಕತ್ತೀರಿ. ನಾನು ಕಲಬುರಗಿ ಸಿಟಿದಾಗ ಬಾಡಿಗಿ ಮನ್ಯಾಗ ಇರಾಕಿ. 2015ರಾಗ ತೊಗರಿಬೇಳೆ ಕೆಜಿ 200 ಮುಟ್ಟಿತ್ತು. ತೊಗರಿ ಕಣಜದಾಗ ಕೂತು ನಾವು ಸಾರಿಗಿ ಹೆಸರುಬೇಳೆ ಹಾಕ್ತಿದ್ವಿ. ಆವಾಗ ಸರ್ಕಾರ ಸುಮ್ನ ಕೂಡಬೇಕಿತ್ತೇನು?

ಮುಕ್ತ_ಪೇಟೆ:
ಒಳ್ಳೆ ಪ್ರಶ್ನೆ. ಆದರೆ 2015ರಲ್ಲೂ ದಾಸ್ತಾನು ಮಿತಿ ಇತ್ತು, ರಫ್ತು ನಿಷೇಧ ಇತ್ತು, ರೇಡ್ ಆದವು. ಬೆಲೆ ಇಳಿಸಿದ್ದು ಆ ಯಾವುದೂ ಅಲ್ಲ. ಆ ಇನ್ನೂರು ರೂಪಾಯಿ ನೋಡಿ ಮುಂದಿನ ಮುಂಗಾರಿಗೆ ರೈತರು ಎಲ್ಲೆಲ್ಲೂ ತೊಗರಿ ಬಿತ್ತಿದರು, ಮಳೆನೂ ಆಯ್ತು, ಬೆಲೆ ಇಳೀತು. ಅರ್ಥಶಾಸ್ತ್ರಜ್ಞ ಹಯೆಕ್ 1945ರಲ್ಲಿ ಬರೆದದ್ದು ಇದನ್ನೇ: ಯಾವ ಕಚೇರಿಯಲ್ಲಿ ಕೂತವನಿಗೂ ಗೊತ್ತಿರದ ಸಾವಿರ ಸಂಗತಿಗಳನ್ನ ಬೆಲೆ ಒಂದೇ ಅಂಕಿಯಲ್ಲಿ ಹೇಳುತ್ತೆ. 2016ರಲ್ಲಿ ಕೇಂದ್ರದ ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಸಮಿತಿ ಬೇಳೆಕಾಳಿನ ಬಗ್ಗೆ ವರದಿ ಕೊಟ್ಟಾಗಲೂ ದಾಸ್ತಾನು ಮಿತಿ, ರಫ್ತು ನಿಷೇಧ ತೆಗೀರಿ ಅಂತಲೇ ಹೇಳಿತು. ಜೊತೆಗೆ ಬೆಂಬಲ ಬೆಲೆ ಏರಿಸಿ, ಖರೀದಿ ಗಟ್ಟಿ ಮಾಡಿ ಅಂತಲೂ ಹೇಳಿತ್ತು, ಅದು ನನಗೆ ರುಚಿಸದ ಭಾಗ.

ಶಹರದ_ಹೆಣ್ಮಗಳು:
ಬೆಲೆ ಏನೋ ಹೇಳ್ತದ್ರಿ. ನನ್ನ ಮಕ್ಕಳು ಮುಂದಿನ ಮುಂಗಾರಿ ತನಕ ಕಾಯಬೇಕಲ್ಲ ಊಟಕ್ಕ. ತೊಗರಿ ಬಿತ್ತಿ ಕೊಯ್ಲಿಕ್ಕೆ ಐದಾರು ತಿಂಗಳು ಬೇಕು.

ಮುಕ್ತ_ಪೇಟೆ:
ಬಡವರಿಗೆ ನೇರ ದುಡ್ಡು ಕೊಡಿ, ಬೆಲೆಯನ್ನ ಮುಟ್ಟಬೇಡಿ. ಅನ್ನಭಾಗ್ಯದಲ್ಲಿ ಮಾಡಿದರಲ್ಲ? 2023ರ ಜುಲೈಯಿಂದ ಐದು ಕೆಜಿ ಅಕ್ಕಿ ಬದಲು ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಅಕ್ಕಿ ಬೇಡದವನು ಜೋಳ ಕೊಳ್ಳಬಹುದಿತ್ತು. 2025ರಲ್ಲಿ ಮತ್ತೆ ಅಕ್ಕಿಗೇ ಹೋದರು.

ಶಹರದ_ಹೆಣ್ಮಗಳು:
ಖಾತಿ ಯಾರ ಹೆಸರಿನ್ಯಾಗ ಅದ ಅಂಬೋದು ಮೊದಲ ಪ್ರಶ್ನಿ. ನಮ್ಮ ಓಣ್ಯಾಗ ಅಕ್ಕಿ ಬಂದ್ರ ಡಬ್ಬಿಗಿ ಬೀಳ್ತದ. ರೊಕ್ಕ ಬಂದ್ರ ಎಲ್ಲಿ ಬೀಳ್ತದ ಅಂತ ನಿಮಗ ಹೇಳಬೇಕೇನು? ಖರೇ ಹೇಳಬೇಕಂದ್ರ ಅಕ್ಕಿನೂ ಅರ್ಧ ಮಂದಿ ಮಾರ್ತಾರ, ಅದು ಬ್ಯಾರೆ ಮಾತು. ನಮಗ ಜೋಳ ಕೊಟ್ಟಿದ್ರ ಯಾರೂ ಮಾರ್ತಿರಲಿಲ್ಲ.

ಸುರಪುರ_ನಾಲೆ:
ಜೋಳದ ಮಾತು ತೆಗೆದ್ರಿ, ಹಸಿವಾಯ್ತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಮುಂದುವರಿಸ್ರಿ.

ವಾಡಿ_ನಿವೃತ್ತ:
ಹುಡುಗರಿಗಿ ಒಂದು ಹಳೇ ಮಾತು ಹೇಳ್ತೀನಿ. ನಮ್ಮ ವಾಡಿದಾಗ ಸಿಮೆಂಟ್ ಫ್ಯಾಕ್ಟರಿ ಚಿಮಣಿ ಮನಿ ಅಂಗಳದಿಂದ ಕಾಣ್ತಿತ್ತು. ಆದ್ರ ಮನಿಗಿ ಒಂದು ಕೋಣಿ ಕಟ್ಟಬೇಕಂದ್ರ ಸಿಮೆಂಟ್‌ಗೆ ಪರ್ಮಿಟ್. ಅರ್ಜಿ, ನಕ್ಷಿ, ಪಂಚನಾಮ, ಸಾಹೇಬ್ರ ಸಹಿ. ಇಪ್ಪತ್ತು ಚೀಲ ಕೇಳಿದ್ರ ಎಂಟು ಮಂಜೂರ್. ಉಳಿದದ್ದು ಬ್ಲ್ಯಾಕ್‌ನಾಗ, ಅದೂ ಬೂದಿ ಕಲಸಿದ್ದು. ನಮ್ಮ ತಂದಿಯವರು ಹಿತ್ತಲ ಗ್ವಾಡಿ ಮಣ್ಣಿಲೇ ಕಟ್ಟಿಸಿದ್ರು, ದಿನಾ ಸುಣ್ಣದ ಧೂಳು ಮಾತ್ರ ಪುಕ್ಕಟ ಬೀಳ್ತಿತ್ತು ಅದರ ಮ್ಯಾಲ.

1982ರಾಗ ಅರ್ಧ ಕಂಟ್ರೋಲ್ ತೆಗೆದ್ರು, 1989ರಾಗ ಪೂರಾ. ಸೇಡಂ, ಮಳಖೇಡ ಕಡಿ ಫ್ಯಾಕ್ಟರಿ ಮ್ಯಾಲ ಫ್ಯಾಕ್ಟರಿ ಬಂದ್ವು. ಈಗ ಯಾವ ಪೋರನೂ ಸಿಮೆಂಟ್ ಸಿಗವಲ್ದು ಅಂತ ಅಳಂಗಿಲ್ಲ. ಪರ್ಮಿಟ್ ರಾಜ್ಯ ಅಂತ ರಾಜಾಜಿ ಬೈತಿದ್ದದ್ದು ಇದನ್ನೇ. ಬೈದಾಗ ನಾವು ನಕ್ಕಿದ್ವಿ.

ಮುಕ್ತ_ಪೇಟೆ:
ಅಜ್ಜಾರ ಈ ಪೋಸ್ಟ್ ಪಿನ್ ಮಾಡಿ ಯಾರಾದ್ರೂ. ಮಂಗಳೂರು ಕಡೆಯ ಬಿ.ಆರ್. ಶೆಣೈ ಎರಡನೇ ಪಂಚವಾರ್ಷಿಕ ಯೋಜನೆಗೆ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದಾಗಲೂ ಇದೇ ಎಚ್ಚರಿಕೆ ಕೊಟ್ಟಿದ್ದರು. ಅರ್ಥಶಾಸ್ತ್ರಜ್ಞರ ಆ ಮಂಡಳಿಯಲ್ಲಿ ಬೇರೆ ಅಂದವರು ಅವರೊಬ್ಬರೇ.

ಸೈದಾಪುರ_ಗಾಳಿ:
ಅಜ್ಜಾರು ಸುಣ್ಣದ ಧೂಳು ಅಂದ್ರಲ್ಲ, ಅಲ್ಲೇ ನಿಂದರ್ರಿ. ನಾ ಯಾದಗಿರಿ ಜಿಲ್ಲಾದವ. ಕಡೇಚೂರು ಕೈಗಾರಿಕಾ ಪ್ರದೇಶದ ಔಷಧ ಫ್ಯಾಕ್ಟರಿಗಳ ಸುತ್ತಲ ಹಳ್ಳಿಯವರು ವಾಸನಿ, ನೀರು ಅಂತ ವರ್ಷಾನುಗಟ್ಲೆ ದೂರು ಕೊಡ್ಲಕತ್ತಾರ. ಸಂಜಿಗಿ ಗಾಳಿ ತಿರುಗಿದ್ರ ಕಿಟಕಿ ಹಾಕ್ಕೊಂಡು ಕೂಡಬೇಕು. ಔಷಧ ತಯಾರ್ ಮಾಡಿದವಗ ಲಾಭ, ಕೊಂಡವಗ ಔಷಧ. ಆ ವ್ಯವಹಾರದಾಗ ನಾ ಇಲ್ಲೇ ಇಲ್ಲ, ಮೂಗು ಮಾತ್ರ ನಂದು. ನಿಮ್ಮ ಮುಕ್ತ ಪೇಟೆದಾಗ ನನ್ನ ಮೂಗಿಗಿ ರೇಟ್ ಎಷ್ಟು?

ಮುಕ್ತ_ಪೇಟೆ:
ಅಲ್ಲಿ ಸರ್ಕಾರ ಬೇಕು, ಗಟ್ಟಿಯಾಗೇ ಬೇಕು. ನಿಮ್ಮ ಗಾಳಿ, ನಿಮ್ಮ ಬಾವಿ ನಿಮ್ಮ ಸ್ವತ್ತು, ಅದನ್ನ ಕೆಡಿಸಿದವನು ಕಳ್ಳನ ಸಮ. ಜಾನ್ ಸ್ಟುವರ್ಟ್ ಮಿಲ್ ಅನ್ನೋ ಇಂಗ್ಲಿಷ್ ಚಿಂತಕ 1859ರಲ್ಲಿ ಎಳೆದ ಗೆರೆ ಅದೇ: ಇನ್ನೊಬ್ಬರಿಗೆ ಹಾನಿ ಆಗೋ ಕಡೆ ಮಾತ್ರ ಅಧಿಕಾರ ಕೈ ಹಾಕಬಹುದು. ನನ್ನ ತಕರಾರು ಇಷ್ಟೇ, ಬೇಳೆ ವ್ಯಾಪಾರಿ ಗೋಡೌನ್‌ಗೆ ಇನ್ಸ್‌ಪೆಕ್ಟರ್ ಬೇಗ ಬರ್ತಾನೆ, ನಿಮ್ಮ ಹಳ್ಳಿ ನೀರಿನ ಸ್ಯಾಂಪಲ್‌ಗೆ ಬರಲ್ಲ.

ಸೈದಾಪುರ_ಗಾಳಿ:
ಇದನ್ನ ಮೊದ್ಲೇ ಹೇಳಿದ್ರ ನಿಮ್ಮನ್ನ ಇಷ್ಟೊತ್ತು ಬೈತಿರಲಿಲ್ಲ.

ಮಾಸ್ತರ್_ಸೇಡಂ:
ಒಪ್ಪಂದ ಆಯ್ತು ಅಂತ ಸಿಹಿ ಹಂಚಬೇಡಿ, ನನ್ನದೊಂದು ಬಾಕಿ ಇದೆ. ನೆಟೆ ರೋಗ. 2022ರಲ್ಲಿ ಜಿಲ್ಲೆಯ ಹೊಲ ಹೊಲ ಒಣಗಿದ್ದು ಎಲ್ಲರೂ ನೋಡಿದ್ದೀರಿ. ಈ ರೋಗ ತಡೆಯೋ ಮಾರುತಿ ತಳಿ, ಅಂದ್ರೆ ಐಸಿಪಿ 8863, ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಿಂದ 1986ರಲ್ಲಿ ಬಂತು. ಟಿಎಸ್-3ಆರ್, ಜಿಆರ್‌ಜಿ-811 ಬಂದದ್ದು ನಮ್ಮ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದ. ಇವ್ಯಾವನ್ನೂ ಬೀಜದ ಕಂಪನಿ ಮಾಡಲಿಲ್ಲ. ಯಾಕಂದ್ರೆ ತೊಗರಿ ರೈತ ಒಮ್ಮೆ ಬೀಜ ಕೊಂಡರೆ ಮುಂದಿನ ವರ್ಷ ತನ್ನ ರಾಶಿಯಿಂದಲೇ ಎತ್ತಿಡುತ್ತಾನೆ. ಹತ್ತಿ, ಮೆಕ್ಕೆಜೋಳದ ಹೈಬ್ರಿಡ್‌ನಂತೆ ವರ್ಷಾ ವರ್ಷ ಅಂಗಡಿಗೆ ಬರಲ್ಲ. ಕಂಪನಿ ಯಾಕೆ ಹತ್ತು ವರ್ಷ ಸಂಶೋಧನೆಗೆ ದುಡ್ಡು ಸುರೀತದೆ?

ಮುಕ್ತ_ಪೇಟೆ:
ಸ್ಮಿತ್‌ನ ಮೂರನೇ ಕೆಲಸದಲ್ಲಿ ಬರುತ್ತೆ ಅದು. ತಕರಾರಿಲ್ಲ.

ಗಂಜ್_ಬಾಜು:
ಇವರಿಗಿ ಏನ್ ಕೇಳಿದ್ರೂ ಸ್ಮಿತ್‌ನ ಚೀಲದಾಗಿಂದ ತೆಗೀತಾರ.

ಹಸಿರು_ಶಾಲು:
ಸಂಶೋಧನೆಗೆ ಸರ್ಕಾರ, ಮಾಲಿನ್ಯಕ್ಕೆ ಸರ್ಕಾರ, ತೂಕಕ್ಕೆ ಸರ್ಕಾರ, ಬಡವರ ಖಾತೆಗೂ ಸರ್ಕಾರ. ಬೆಂಬಲ ಬೆಲೆ ಬಂದಾಗ ಮಾತ್ರ ಬೇಡ. ಯಾಕೆ ಸ್ವಾಮಿ? ಎರಡು ಎಕರೆಯವನು ಸುಗ್ಗಿಯಲ್ಲಿ ಮಾರಲೇಬೇಕು, ಅಡತಿ ಅಂಗಡಿ ಉದ್ರಿ ತೀರಿಸಬೇಕು, ಮಗಳ ಮದುವೆ ಇರುತ್ತೆ. ಕೊಳ್ಳೋನು ಕಾಯಬಹುದು, ಇವನು ಕಾಯೋ ಹಾಗಿಲ್ಲ. ಇಬ್ಬರೂ ಸಮಾನರಾಗಿ ಕೂತು ಚೌಕಾಸಿ ಮಾಡ್ತಾರೆ ಅನ್ನೋದು ಪುಸ್ತಕದ ಪೇಟೆ.

ಮುಕ್ತ_ಪೇಟೆ:
ಉದ್ರಿಯ ಮಾತು ನಿಜ. ಆದರೆ ಅದಕ್ಕೆ ಮದ್ದು ಗೋಡೌನ್ ರಸೀದಿ ಮೇಲೆ ಸಾಲ. ತೊಗರಿ ಗೋಡೌನ್‌ನಲ್ಲಿಟ್ಟು, ರಸೀದಿ ಬ್ಯಾಂಕಿಗೆ ಕೊಟ್ಟು ದುಡ್ಡು ತಗೊಂಡು, ಜೂನ್‌ನಲ್ಲಿ ಮಾರಲಿ. ಗೋಡೌನ್ ನೋಂದಣಿಗೆ 2007ರ ಕಾಯ್ದೆ ಇದೆ. ಮತ್ತೆ ನೋಡಿ, ದಾಸ್ತಾನು ಮಿತಿಯ ಹೆದರಿಕೆ ಇರೋ ತನಕ ಯಾರೂ ದೊಡ್ಡ ಗೋಡೌನ್ ಕಟ್ಟಲ್ಲ.

ಜೇವರ್ಗಿ_ಎರೆಭೂಮಿ:
ಗೋಡೌನ್ ರಸೀದಿ ನಾ ಮಾಡಿ ನೋಡೀನಿ. ಸಾಲ ಸಿಕ್ತು, ಬಡ್ಡಿ ಅಡತಿಗಿಂತ ಕಮ್ಮಿ. ಆದ್ರ ಕಾಯ್ದು ಕೂತ ಮ್ಯಾಲ ರೇಟ್ ಏರೋ ಹೊತ್ತಿಗಿ ಮ್ಯಾನ್ಮಾರ್ ತೊಗರಿ ಬಂದರಿಗಿ ಬಂತು. ಕಾಯ್ದದ್ದಕ್ಕ ಬಾಡಿಗಿ, ಬಡ್ಡಿ ಎರಡೂ ಮೈಮ್ಯಾಲ. ಇಬ್ಬರೂ ಬರೋಬ್ಬರಿ ಹೇಳ್ಲಕತ್ತೀರಿ, ಆದ್ರ ಅರ್ಧರ್ಧ. ಆಮದು ಬರ್ಲಿ, ಆದ್ರ ಸುಂಕ ಎಷ್ಟು ಅಂತ ಬಿತ್ತೋ ಮೊದಲೇ ಹೇಳ್ಲಿ, ರಾಶಿ ಮುಗಿಯೋ ತನಕ ಬದಲಿಸಬಾರದು. ನನಗ ಸರ್ಕಾರ ಸಣ್ಣದಿರಲಿ ದೊಡ್ಡದಿರಲಿ ಫರಕ್ ಇಲ್ಲ. ಜೂನ್‌ನಾಗ ಹೇಳಿದ್ದು ಜನವರಿದಾಗೂ ಹೇಳಬೇಕು.

ಆಳಂದ_ಹೊಲ:
ಇದು ನನಗ ಒಪ್ಪಿಗಿ. ಕೈ ಪೂರಾ ತೆಗೀಲಿ ಅಂದಿದ್ದೆ, ಈಗ ನೋಡಿದ್ರ ಕೈ ಎಲ್ಲಿಡ್ತಾರ ಅಂತ ಮೊದಲೇ ತಿಳಿದ್ರ ಸಾಕು ಅನಸ್ತದ.

ಮುಕ್ತ_ಪೇಟೆ:
ಮೊದಲೇ ಹೇಳಿದ ಸುಂಕವೂ ಸುಂಕವೇ, ಬೇಳೆ ಕೊಳ್ಳೋ ಆ ಅಕ್ಕಾವ್ರ ಜೇಬಿಂದ ಹೋಗೋದು. ಆದರೂ ಈಗಿರೋದಕ್ಕಿಂತ ವಾಸಿ.

ಶಹರದ_ಹೆಣ್ಮಗಳು:
ಅಕ್ಕಾವ್ರ ಜೇಬಿನ ಮ್ಯಾಲ ಎಲ್ಲರಿಗೂ ಭಾಳ ಕಾಳಜಿ. ಕ್ವಿಂಟಲ್ 7,000ಕ್ಕ ತೊಗರಿ ಹೋದ್ರೂ ನಮ್ಮ ದುಕಾನದಾಗ ಬೇಳೆ ಅದಕ್ಕ ತಕ್ಕಂಗ ಇಳಿದಿಲ್ಲ. ನಡುವ ಯಾರು ತಿನ್ನಲಕತ್ತಾರ ಅಂತ ಗಂಜ್_ಬಾಜು ಅವರು ಹೇಳ್ಲಿ, ಅವರಿಗಿ ಗೊತ್ತಿರಬೇಕು.

ಗಂಜ್_ಬಾಜು:
ನಾನು ಬಾಜುದಾಗ ಇರಾವ, ಒಳಗ ಅಲ್ಲ. ಕ್ವಿಂಟಲ್ ತೊಗರಿ ಒಡದ್ರ ಪೂರಾ ಕ್ವಿಂಟಲ್ ಬೇಳೆ ಬರಂಗಿಲ್ಲ ಅಕ್ಕಾ. ಸಿಪ್ಪಿ, ನುಚ್ಚು, ಹೊಟ್ಟು ಹೋಗ್ತದ. ಎಣ್ಣಿ ಹಚ್ಚೋದು, ಒಣಗ್ಸೋದು, ಕರೆಂಟ್, ಲಾರಿ. ಆಮೇಲೆ ಪ್ಯಾಕೆಟ್ ಮ್ಯಾಲಿನ ಫೋಟೊಕ್ಕೂ ರೊಕ್ಕ. ಇಷ್ಟೆಲ್ಲ ಹಿಡದ್ರೂ ನೀವು ಹೇಳೋದು ಸುಳ್ಳಲ್ಲ.

ಬೀದರ್_ಕರೇಜ್:
2019ರಾಗ ಗುಲ್ಬರ್ಗಾ ತೊಗರಿಬೇಳೆಗಿ ಜಿಐ ಟ್ಯಾಗ್, ಅಂದ್ರ ಊರಿನ ಹೆಸರಿನ ಕಾನೂನು ಗುರುತು, ಬಂತಲ್ಲ, ಅದರಿಂದ ಯಾರಿಗಾದ್ರೂ ನಾಕಾಣೆ ಜಾಸ್ತಿ ಸಿಕ್ಕದೇನು?

ಚಿಂಚೋಳಿ_ಕಾಡು:
ಪ್ಯಾಕೆಟ್‌ನವರಿಗಿ ಸಿಕ್ಕಿರಬೇಕು. ಅದಿರ್ಲಿ, ನಂದೊಂದು ಅರ್ಜೆಂಟ್. ಖರೀದಿ ಕೇಂದ್ರದಾಗ ನೋಂದಣಿಗಿ ಹೋದ್ರ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ) ದಾಗ ನನ್ನ ಹೊಲಕ್ಕ ತೊಗರಿ ಬದಲು ಸೋಯಾ ತೋರಿಸ್ಲಕತ್ತದ. ಏನ್ ಮಾಡಬೇಕು?

ಜೇವರ್ಗಿ_ಎರೆಭೂಮಿ:
ಬೆಳೆ ಸಮೀಕ್ಷೆ ಮಾಡಿದವ ತಪ್ಪು ಹಾಕ್ಯಾನ. ಪಹಣಿ, ಆಧಾರ್, ಹೊಲದಾಗಿನ ಫೋಟೊ ಇದ್ರ ಅದು, ಎಲ್ಲ ತಗೊಂಡು ರೈತ ಸಂಪರ್ಕ ಕೇಂದ್ರಕ್ಕ ಹೋಗಿ ಆಕ್ಷೇಪಣೆ ಕೊಡ್ರಿ. ನೋಂದಣಿ ಬಂದ್ ಆಗೋ ಮೊದ್ಲು ಹೋಗ್ರಿ.

ಮುಕ್ತ_ಪೇಟೆ:
ನೋಡಿದ್ರಾ, ಹೊಲದಲ್ಲಿ ಏನಿದೆ ಅಂತಲೇ ಗೊತ್ತಿಲ್ಲದವರು ಬೆಲೆ ಎಷ್ಟಿರಬೇಕು ಅಂತ ಹೇಳ್ತಾರೆ.

ಚಿಂಚೋಳಿ_ಕಾಡು:
ಭಾಷಣ ಆಮೇಲೆ ಮಾಡ್ರಿ ಅಣ್ಣಾ. ಶನಿವಾರ ಕೇಂದ್ರ ತೆರದಿರ್ತದೇನು, ಅದನ್ನ ಯಾರಾದ್ರೂ ಹೇಳ್ರಿ.